ಚೀನಾದಲ್ಲೇ ಮಾರದ ಟೆಕ್ನೋ ಫೋನು ಆಫ್ರಿಕಾದಲ್ಲಿ ಗೆದ್ದದ್ದು ಹೇಗೆ?

ಪ್ರಶ್ನೆ: ಟೆಕ್ನೋ, ಐಟೆಲ್, ಇನ್ಫಿನಿಕ್ಸ್ ಫೋನುಗಳು ಆಫ್ರಿಕಾದಲ್ಲಿ ಸ್ಯಾಮ್‌ಸಂಗನ್ನೂ ಹಿಂದಿಕ್ಕಿವೆಯಂತೆ. ಅಗ್ಗ ಅನ್ನುವುದೊಂದೇ ಕಾರಣವೇ?

ಅಲ್ಲ. ಅಗ್ಗದ ಚೀನೀ ಫೋನುಗಳು ಅಲ್ಲಿನ ಅಂಗಡಿಗಳಿಗೆ ಮೊದಲೇ ಬಂದಿದ್ದವು. ತೈವಾನಿನ ಚಿಪ್ ಕಂಪನಿ ಮೀಡಿಯಾಟೆಕ್ ತನ್ನ ಚಿಪ್ಪಿನ ಜೊತೆ ಸರ್ಕ್ಯೂಟಿನ ವಿನ್ಯಾಸ, ಸಾಫ್ಟ್‌ವೇರ್ ಎಲ್ಲವನ್ನೂ ಸಿದ್ಧಮಾಡಿ ಕೊಡುತ್ತಿತ್ತು. ಹಾಗಾಗಿ ಚೀನಾದ ಶೆನ್ಜೆನ್ ನಗರದ ಸಣ್ಣ ಕಾರ್ಖಾನೆಯೂ ಫೋನ್ ಜೋಡಿಸಿ ಮಾರಬಹುದಿತ್ತು. ಬರೀ ಬೆಲೆಯಿಂದ ಯಾರೂ ಬಹುಕಾಲ ಮುಂದಿರುವಂತಿರಲಿಲ್ಲ.

ಈ ಮೂರೂ ಬ್ರ್ಯಾಂಡ್ 2006ರಲ್ಲಿ ಹುಟ್ಟಿದ, ಟ್ರಾನ್ಶನ್ ಎಂಬ ಚೀನೀ ಕಂಪನಿಯವು. 2008ರಲ್ಲಿ ಅದು ಏಷ್ಯಾದ ವ್ಯಾಪಾರ ಬದಿಗಿಟ್ಟು ಆಫ್ರಿಕಾದ ಮೇಲೇ ಗಮನವಿಟ್ಟಿತು. ಮೊದಲು ಕೈಹಿಡಿದದ್ದು ಸಿಮ್. ಆಗ ಅಲ್ಲಿ ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ಕರೆ ಮಾಡಿದರೆ ದರ ಹೆಚ್ಚು. ಒಂದೂರಲ್ಲಿ ಒಂದು ಕಂಪನಿಯ ಟವರ್ ಇದ್ದರೆ ಪಕ್ಕದೂರಲ್ಲಿ ಮತ್ತೊಂದರದು. ಜನ ಎರಡು ಮೂರು ಸಿಮ್ ಇಟ್ಟುಕೊಂಡು, ಬ್ಯಾಟರಿ ಬಿಚ್ಚಿ ಬದಲಿಸುತ್ತಿದ್ದರು. ಟೆಕ್ನೋ 2007ರಲ್ಲೇ ಎರಡು ಸಿಮ್ಮಿನ ಫೋನ್ ತಂದಿತು. ನೋಕಿಯಾ ತನ್ನದನ್ನು ಘೋಷಿಸಿದ್ದು 2010ರಲ್ಲಿ. ಅದರ ಸಿ1-00 ಮಾದರಿಯಲ್ಲಿ ಒಂದು ಹೊತ್ತಿಗೆ ಒಂದೇ ಸಿಮ್ ಜೀವಂತ!

ಎರಡೂ ಸಿಮ್ ಎಚ್ಚರವಾಗಿರಲು ಎರಡು ರೇಡಿಯೋ (ಟವರಿನ ಸಂಕೇತ ಹಿಡಿಯುವ ಭಾಗ) ಬೇಕಿಲ್ಲ. ಒಂದೇ ರೇಡಿಯೋ ಸರದಿಯಂತೆ ಎರಡೂ ನೆಟ್‌ವರ್ಕ್‌ಗೆ ಕಿವಿಗೊಡುತ್ತದೆ. ಒಂದರಲ್ಲಿ ಮಾತಾಡುವಾಗ ಇನ್ನೊಂದು ಸಿಗುವುದಿಲ್ಲ, ಅಷ್ಟೇ ನಷ್ಟ. ಖರ್ಚು ಉಳಿಯಿತು. ಮುಂದೆ ನಾಲ್ಕು ಸಿಮ್ಮಿನ ಫೋನೂ ಬಂತು.

ಕ್ಯಾಮೆರಾದ ಕಥೆ ಇನ್ನೂ ಸೂಕ್ಷ್ಮ. ಸಾಮಾನ್ಯ ಕ್ಯಾಮೆರಾ ಇಡೀ ಚೌಕಟ್ಟಿನ ಸರಾಸರಿ ಬೆಳಕು ನೋಡಿ ಎಕ್ಸ್‌ಪೋಶರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಬೇಕೆಂಬುದನ್ನು ನಿರ್ಧರಿಸುತ್ತದೆ. ಹಿಂದೆ ಬಿಳಿ ಗೋಡೆಯೋ ಆಕಾಶವೋ ಇದ್ದರೆ ಕಪ್ಪು ಮೈಬಣ್ಣದವರ ಮುಖ ಮಸಿಯಾಗುತ್ತದೆ. ಮಂದ ಬೆಳಕಲ್ಲಿ ಸಾಫ್ಟ್‌ವೇರಿಗೆ ಮುಖವೇ ಸಿಕ್ಕುವುದಿಲ್ಲ. ಟೆಕ್ನೋ ಎಂಜಿನಿಯರುಗಳು ಕಣ್ಣು, ಹಲ್ಲುಗಳಿಂದ ಮುಖದ ಜಾಗ ಗುರುತಿಸಿ, ಆ ಭಾಗಕ್ಕೆ ತಕ್ಕಂತೆ ಬೆಳಕು ಹೆಚ್ಚಿಸುವಂತೆ ಮಾಡಿದರು. ಚೀನಾಕ್ಕೆಂದು ಮಾಡಿದ, ಚರ್ಮ ಬಿಳುಪಾಗಿಸುವ ಫಿಲ್ಟರ್‌ನಿಂದ ಈ ಕೆಲಸ ಆಗುತ್ತಿರಲಿಲ್ಲ.

ಕರೆಂಟ್ ಹೋಗುವ ಊರುಗಳಿಗೆ ದೊಡ್ಡ ಬ್ಯಾಟರಿ, ಇಥಿಯೋಪಿಯಾಕ್ಕೆ ಅಮ್ಹಾರಿಕ್ ಅಕ್ಷರ, 2011ರಿಂದ ಅಲ್ಲೇ ಜೋಡಣೆ. ಇವನ್ನೆಲ್ಲ ಪ್ರತಿಸ್ಪರ್ಧಿ ನಕಲು ಮಾಡಬಹುದು. ಬೇಗ ನಕಲು ಮಾಡಲಾಗದ್ದು ಕಾರ್ಲ್‌ಕೇರ್ ಎಂಬ ರಿಪೇರಿ ಜಾಲ. ತಿಂಗಳ ದುಡಿಮೆಯಲ್ಲಿ ಕೊಂಡ ಫೋನ್ ಕೆಟ್ಟರೆ ಬಿಡಿಭಾಗ ಸಿಗುತ್ತದೆಯೇ ಎಂಬುದೇ ಕೊಳ್ಳುವವನ ದೊಡ್ಡ ಚಿಂತೆ. ಹೆಸರಿಲ್ಲದ ಅಗ್ಗದ ಫೋನುಗಳು ಸೋತದ್ದು ಇಲ್ಲೇ.

ಎಡವಿದ್ದೂ ಉಂಟು. 2020ರಲ್ಲಿ ಟೆಕ್ನೋ ಡಬ್ಲ್ಯೂ2 ಮಾದರಿಯ ಕೆಲವು ಫೋನುಗಳಲ್ಲಿ ಮೊದಲೇ ಕುಳಿತಿದ್ದ ಕುತಂತ್ರಾಂಶ (ಮಾಲ್‌ವೇರ್) ಪತ್ತೆಯಾಯಿತು. ಪೂರೈಕೆ ಸರಪಳಿಯಲ್ಲಿನ ಬೇರೊಬ್ಬರಿಂದ ಆದದ್ದೆಂದು ಕಂಪನಿ ಹೇಳಿತು. ಅಗ್ಗದ ಫೋನಿನ ಲಾಭ ತೆಳು, ಅದರಲ್ಲಿ ಪೇಟೆಂಟ್ ಶುಲ್ಕವೂ ಹೋಗಬೇಕು. 2024ರಲ್ಲಿ ಅಮೆರಿಕದ ಚಿಪ್ ಕಂಪನಿ ಕ್ವಾಲ್‌ಕಾಮ್ ಭಾರತದಲ್ಲೇ ಟ್ರಾನ್ಶನ್ ಮೇಲೆ ಪೇಟೆಂಟ್ ದಾವೆ ಹೂಡಿತು.

ಹಾಗಾದರೆ ಅದೇ ಕಂಪನಿ ನಮ್ಮಲ್ಲಿ ಯಾಕೆ ಆ ಮಟ್ಟಕ್ಕೆ ಏರಲಿಲ್ಲ? ಐಟೆಲ್ ಇಲ್ಲಿಗೆ ಬಂದದ್ದು 2016ರಲ್ಲಿ. ಆ ಹೊತ್ತಿಗೆ ಎರಡು ಸಿಮ್ ಇಲ್ಲಿ ಮಾಮೂಲಾಗಿತ್ತು. ಅದೇ ಸೆಪ್ಟೆಂಬರಿನಲ್ಲಿ ಜಿಯೋ ಕರೆಗಳನ್ನು ಉಚಿತ ಮಾಡಿದ ಮೇಲೆ, ದರ ಉಳಿಸಲು ಸಿಮ್ ಬದಲಿಸುವ ಅಗತ್ಯವೇ ಕರಗತೊಡಗಿತು.