ಲ್ಯೂರಿನ ತೂಕದಿಂದ ಶುರುಮಾಡಿ: ಬಾಸ್ ಮೀನಿಗೆ ಬೇಟ್‌ಕಾಸ್ಟಿಂಗ್ ರಾಡ್ ಮತ್ತು ರೀಲ್

ಅಮೆರಿಕದ ಕೆರೆ, ಜಲಾಶಯಗಳಲ್ಲಿ ಗಾಳ ಹಾಕುವವರಿಗೆ ಲಾರ್ಜ್‌ಮೌತ್ ಬಾಸ್ ಮೇಲಿನಷ್ಟು ಪ್ರೀತಿ ಬೇರೆ ಮೀನಿನ ಮೇಲೆ ಕಡಿಮೆ. ಜೊಂಡು, ಮುಳುಗಿದ ಮರದ ಬೊಡ್ಡೆ, ದೋಣಿಕಟ್ಟೆಯ ನೆರಳು ಇಂಥ ಕಡೆ ಅಡಗಿ ನಿಂತು, ಹತ್ತಿರ ಸುಳಿದದ್ದರ ಮೇಲೆ ಒಮ್ಮೆಲೇ ಎರಗುವ ಮೀನಿದು. ಇದನ್ನು ಹಿಡಿಯಬೇಕಾದರೆ ಲ್ಯೂರನ್ನು, ಅಂದರೆ ಕೃತಕ ಆಮಿಷವನ್ನು, ಒಂದಡಿ ಆಚೀಚೆ ಆಗದಂತೆ ಬೀಳಿಸಬೇಕು. ಕಚ್ಚಿದ ಮೀನು ಬೊಡ್ಡೆಗೆ ದಾರ ಸುತ್ತುವ ಮೊದಲೇ ಅದನ್ನು ಹೊರಗೆಳೆಯುವ ಬಲವೂ ಬೇಕು. ಬೇಟ್‌ಕಾಸ್ಟಿಂಗ್ ರೀಲ್ ಈ ಎರಡನ್ನೂ ಕೊಡುತ್ತದೆ. ಆದರೆ ಕೊಳ್ಳುವಾಗ ತಪ್ಪಿದರೆ ದಿನವಿಡೀ ದಾರದ ಸಿಕ್ಕು ಬಿಡಿಸುತ್ತ ಕೂರಬೇಕಾಗುತ್ತದೆ.

ಆ ಸಿಕ್ಕು ಏಕಾಗುತ್ತದೆ ಎಂದು ತಿಳಿದರೆ ಆಯ್ಕೆಯ ಮುಕ್ಕಾಲು ಪಾಲು ಮುಗಿದಂತೆ. ಸಾಮಾನ್ಯ ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸ್ಪೂಲ್, ಅಂದರೆ ದಾರ ಸುತ್ತಿದ ಉರುಳೆ, ತಿರುಗುವುದಿಲ್ಲ. ದಾರ ಅದರ ಅಂಚಿನಿಂದ ಸುರುಳಿ ಸುರುಳಿಯಾಗಿ ಜಾರುತ್ತದೆ. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಸ್ಪೂಲೇ ತಿರುಗಬೇಕು, ಅದನ್ನು ತಿರುಗಿಸುವುದು ಹಾರುತ್ತಿರುವ ಲ್ಯೂರಿನ ಎಳೆತ. 34 ಮಿಲಿಮೀಟರ್ ವ್ಯಾಸದ ಸ್ಪೂಲ್ ಒಂದು ಸುತ್ತಿಗೆ ಸುಮಾರು 107 ಮಿ.ಮೀ. ದಾರ ಬಿಡುತ್ತದೆ. ಲ್ಯೂರು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೋಗುತ್ತಿದೆ ಎಂದುಕೊಳ್ಳಿ: ಸ್ಪೂಲ್ ನಿಮಿಷಕ್ಕೆ 11,000 ಸುತ್ತು ಮೀರುತ್ತದೆ. ಗಾಳಿಯ ತಡೆಯಿಂದ ಲ್ಯೂರಿನ ವೇಗ ಕುಗ್ಗುತ್ತ ಹೋಗುತ್ತದೆ, ಆದರೆ ತಿರುಗುವ ಸ್ಪೂಲಿಗೆ ತನ್ನದೇ ಜಡತ್ವವಿದೆ. ಲ್ಯೂರು ಒಯ್ಯುವುದಕ್ಕಿಂತ ಹೆಚ್ಚು ದಾರವನ್ನು ಸ್ಪೂಲ್ ಬಿಚ್ಚಿದ ಕ್ಷಣದಲ್ಲಿ, ಹೆಚ್ಚಾದ ದಾರ ಉಬ್ಬಿ, ಹಿಂದಕ್ಕೆ ಸುತ್ತಿಕೊಂಡು ಗಂಟಾಗುತ್ತದೆ. ಇದಕ್ಕೆ ಬ್ಯಾಕ್‌ಲ್ಯಾಶ್ ಎನ್ನುತ್ತಾರೆ.

ಹಗುರವಾದ ಲ್ಯೂರು, ಎದುರುಗಾಳಿ, ಝಾಡಿಸಿ ಎಸೆಯುವ ಕೈ, ಭಾರವಾದ ಸ್ಪೂಲ್ ಈ ನಾಲ್ಕೂ ಬ್ಯಾಕ್‌ಲ್ಯಾಶನ್ನು ಹೆಚ್ಚಿಸುತ್ತವೆ. ಅಂಗಡಿಯಲ್ಲಿ ನಮ್ಮ ಹತೋಟಿಯಲ್ಲಿರುವುದು ಮೊದಲನೆಯದು ಮತ್ತು ಕೊನೆಯದು. ಆದ್ದರಿಂದ ರೀಲಿನ ಬಣ್ಣ, ಬೇರಿಂಗಿನ ಲೆಕ್ಕ ನೋಡುವ ಮೊದಲು ನೀವು ಹೆಚ್ಚಾಗಿ ಎಸೆಯುವ ಲ್ಯೂರಿನ ತೂಕ ಎಷ್ಟೆಂದು ತೀರ್ಮಾನಿಸಿ. ಕಾಲು ಔನ್ಸಿಗಿಂತ (7 ಗ್ರಾಂ) ಹಗುರವಾದದ್ದೇ ಹೆಚ್ಚಾದರೆ ಸ್ಪಿನ್ನಿಂಗ್ ರೀಲನ್ನೇ ಕೊಳ್ಳುವುದು ಒಳ್ಳೆಯದು. 3/8 ಔನ್ಸಿನಿಂದ 3/4 ಔನ್ಸಿನವರೆಗೆ, ಅಂದರೆ ಸುಮಾರು 10ರಿಂದ 21 ಗ್ರಾಂ, ಬೇಟ್‌ಕಾಸ್ಟಿಂಗ್ ಕಲಿಯಲು ತಕ್ಕ ತೂಕ.

ಇನ್ನು ರಾಡ್, ಅಂದರೆ ಗಾಳದ ಕೋಲು. ಹಿಡಿಕೆಯ ಮೇಲ್ಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಲ್ಯೂರಿನ ತೂಕದ ಮಿತಿ, ದಾರದ ಮಿತಿ, ಪವರ್, ಆಕ್ಷನ್ ಬರೆದಿರುತ್ತಾರೆ. ಪವರ್ ಎಂದರೆ ಕೋಲನ್ನು ಬಗ್ಗಿಸಲು ಎಷ್ಟು ಬಲ ಬೇಕು ಎಂಬುದು; ಆಕ್ಷನ್ ಎಂದರೆ ಅದು ಎಲ್ಲಿ ಬಗ್ಗುತ್ತದೆ ಎಂಬುದು. ಫಾಸ್ಟ್ ಆಕ್ಷನ್ ಕೋಲು ತುದಿಯ ಹತ್ತಿರ ಮಾತ್ರ ಬಾಗುತ್ತದೆ, ಮಾಡರೇಟ್ ಕೋಲು ನಡುವಿನವರೆಗೂ ಬಾಗುತ್ತದೆ. ಎಸೆಯುವಾಗ ಲ್ಯೂರಿನ ಭಾರಕ್ಕೆ ಕೋಲು ಬಿಲ್ಲಿನಂತೆ ಬಾಗಿ ಶಕ್ತಿ ತುಂಬಿಕೊಳ್ಳಬೇಕು. 1 ಔನ್ಸಿನ ಲ್ಯೂರಿಗೆಂದು ಮಾಡಿದ ಕೋಲಿಗೆ ಕಾಲು ಔನ್ಸ್ ಕಟ್ಟಿದರೆ ಅದು ಬಾಗುವುದೇ ಇಲ್ಲ. ದೂರ ಸಾಲದೆ ಕೈ ಜೋರಾಗಿ ಬೀಸುತ್ತದೆ, ಸ್ಪೂಲ್ ಒಮ್ಮೆಲೇ ಹುಚ್ಚುವೇಗ ಹಿಡಿಯುತ್ತದೆ. ಹೊಸಬರ ಬಹಳಷ್ಟು ಸಿಕ್ಕುಗಳ ಮೂಲ ರೀಲಿಗಿಂತ ಹೆಚ್ಚಾಗಿ ಈ ಹೊಂದದ ಕೋಲಿನಲ್ಲಿರುತ್ತದೆ.

ಒಂದೇ ಕೋಲು ಕೊಳ್ಳುವುದಾದರೆ 7 ಅಡಿಯ ಮೀಡಿಯಂ-ಹೆವಿ ಪವರ್, ಫಾಸ್ಟ್ ಆಕ್ಷನ್ ಕೊಳ್ಳಿ. ತಿರುಗುವ ಲೋಹದ ಹಾಳೆಯ ಸ್ಪಿನ್ನರ್‌ಬೇಟ್, ಭಾರದ ತಲೆಯ ಜಿಗ್, ಪ್ಲಾಸ್ಟಿಕ್ ಹುಳು ಎಲ್ಲವನ್ನೂ ಅದು ನಿಭಾಯಿಸುತ್ತದೆ. ಜಿಗ್ ಮತ್ತು ಹುಳುವಿನ ಲ್ಯೂರುಗಳಿಗೆ ದಪ್ಪನೆಯ ಒಂಟಿ ಗಾಳವಿರುತ್ತದೆ; ಅದು ಮೀನಿನ ಗಟ್ಟಿ ದವಡೆಗೆ ನಾಟಬೇಕಾದರೆ ಕೈಯ ಬಲ ಕೂಡಲೇ ತಲುಪಬೇಕು. ಹಾಗಾಗಿ ತುದಿಯಲ್ಲಷ್ಟೇ ಬಾಗುವ ಗಡಸು ಕೋಲು ಸರಿ. ಕ್ರಾಂಕ್‌ಬೇಟಿನ, ಅಂದರೆ ಎಳೆದಾಗ ನೀರೊಳಗೆ ಧುಮುಕಿ ಅಲುಗಾಡುವ ಮೀನಿನಾಕಾರದ ಗಟ್ಟಿ ಲ್ಯೂರಿನ, ಲೆಕ್ಕವೇ ಬೇರೆ. ಅದರಲ್ಲಿರುವುದು ತೆಳುವಾದ ಮೂರು ಮುಳ್ಳಿನ ಟ್ರೆಬಲ್ ಗಾಳಗಳು. ಅವು ಸುಲಭವಾಗಿ ಚುಚ್ಚುತ್ತವೆ, ಅಷ್ಟೇ ಸುಲಭವಾಗಿ ಹರಿದುಕೊಂಡು ಬರುತ್ತವೆ. ಗಡಸು ಕೋಲಿನಲ್ಲಿ ಮೀನು ತಲೆ ಕೊಡವಿದಾಗ ದಾರ ಒಮ್ಮೆ ಸಡಿಲ, ಒಮ್ಮೆ ಬಿಗಿಯಾಗಿ ಗಾಳ ಕಳಚುತ್ತದೆ. ಅದಕ್ಕೇ ಕ್ರಾಂಕ್‌ಬೇಟ್ ಎಸೆಯುವವರು ಫೈಬರ್‌ಗ್ಲಾಸ್ ಬೆರೆತ ಮಾಡರೇಟ್ ಕೋಲನ್ನು ಬೇರೆಯಾಗಿಯೇ ಇಟ್ಟುಕೊಳ್ಳುತ್ತಾರೆ. ಆದರೆ ಎಲೆಹಾಸಿನ ಮೇಲೆ ಕಪ್ಪೆ ಲ್ಯೂರು ಆಡಿಸಲು ಹೆವಿ ಪವರ್ ಕೋಲೇ ಬೇಕು. ನಮ್ಮ ಕೆರೆಗಳ ಕೊರವ ಮೀನೂ ಪಾಚಿಯ ಮರೆಯಿಂದ ಹೀಗೆಯೇ ಎರಗುವುದರಿಂದ, ಅದಕ್ಕೂ ಇಂಥ ಗಟ್ಟಿ ಸಲಕರಣೆಯೇ ಹೊಂದುತ್ತದೆ.

ಹಲ್ಲುಚಕ್ರ ಜೋಡಿಸಿ, ಹಿಡಿಯ ಒಂದು ಸುತ್ತಿಗೆ ಸ್ಪೂಲ್ ಹಲವು ಸುತ್ತು ತಿರುಗುವಂಥ ರೀಲನ್ನು 19ನೇ ಶತಮಾನದ ಆರಂಭದಲ್ಲಿ ಕೆಂಟಕಿಯಲ್ಲಿ ಮಾಡಿದವನು ಜಾರ್ಜ್ ಸ್ನೈಡರ್ ಎಂಬ ಗಡಿಯಾರ ತಯಾರಕ. ಇಂದಿನ ರೀಲಿನ ಮೇಲೆ ಕಾಣುವ 5.4:1, 7.1:1 ಎಂಬ ಅಂಕಿಗಳು ಆ ಹಲ್ಲುಚಕ್ರದ ಅನುಪಾತ. 34 ಮಿ.ಮೀ. ತುಂಬಿದ ಸ್ಪೂಲಿನಲ್ಲಿ 7.1:1 ಎಂದರೆ ಹಿಡಿಯ ಒಂದು ಸುತ್ತಿಗೆ ಸುಮಾರು 76 ಸೆಂಟಿಮೀಟರ್ ದಾರ ಒಳಬರುತ್ತದೆ, 5.4:1ರಲ್ಲಿ 58 ಸೆಂ.ಮೀ. ವೇಗ ಹೆಚ್ಚಿದಷ್ಟೂ ಹಿಡಿ ಭಾರವಾಗುತ್ತದೆ, ನೀರನ್ನು ತಳ್ಳಿಕೊಂಡು ಬರುವ ಆಳದ ಕ್ರಾಂಕ್‌ಬೇಟಿಗೆ ಕೈ ಸೋಲುತ್ತದೆ. ಜಿಗ್ ಮತ್ತು ಹುಳುವಿಗೆ ಸಡಿಲ ದಾರವನ್ನು ಬೇಗ ಎಳೆದುಕೊಳ್ಳುವ 7:1 ಮೇಲಿನದು ಬೇಕು. ಒಂದೇ ರೀಲ್ ಎಂದಾದರೆ 6.3ರಿಂದ 7.1ರ ನಡುವೆ ಇರಲಿ. ಹಿಡಿ ಎಡಕ್ಕೋ ಬಲಕ್ಕೋ ಎಂಬುದನ್ನೂ ಅಲ್ಲೇ ನಿರ್ಧರಿಸಿ: ಸ್ಪಿನ್ನಿಂಗ್ ರೀಲಿನಲ್ಲಿ ಬದಲಿಸುವ ಹಾಗೆ ಇದರ ಹಿಡಿಯನ್ನು ಆಮೇಲೆ ಬದಲಿಸಲಾಗದು.

ರೀಲಿಗೆ ಹಾಕುವ ಹಣ ನಿಜವಾಗಿ ಹೋಗಬೇಕಾದದ್ದು ಬ್ರೇಕಿಗೆ. ಸೆಂಟ್ರಿಫ್ಯೂಗಲ್ ಬ್ರೇಕಿನಲ್ಲಿ ಸ್ಪೂಲ್ ಜೊತೆ ತಿರುಗುವ ಸಣ್ಣ ಗುಂಡಿಗಳು ಹೊರಕ್ಕೆ ಚಿಮ್ಮಿ ಒಂದು ಉಂಗುರಕ್ಕೆ ಉಜ್ಜುತ್ತವೆ. ಆ ಒತ್ತಡ ವೇಗದ ವರ್ಗಕ್ಕೆ ಅನುಗುಣ, ಹಾಗಾಗಿ ಎಸೆತದ ಆರಂಭದಲ್ಲಿ ಬಲವಾಗಿ ಹಿಡಿದು ಕೊನೆಯಲ್ಲಿ ಬಹುತೇಕ ಬಿಟ್ಟುಬಿಡುತ್ತದೆ. ಮ್ಯಾಗ್ನೆಟಿಕ್ ಬ್ರೇಕಿನಲ್ಲಿ ಯಾವುದೂ ಯಾವುದಕ್ಕೂ ತಾಗುವುದಿಲ್ಲ. ಅಯಸ್ಕಾಂತಗಳ ಮುಂದೆ ಅಲ್ಯೂಮಿನಿಯಂ ಸ್ಪೂಲ್ ತಿರುಗಿದಾಗ ಲೋಹದಲ್ಲಿ ಸುಳಿವಿದ್ಯುತ್ ಹುಟ್ಟಿ, ಅದು ತಿರುಗುವಿಕೆಯನ್ನೇ ವಿರೋಧಿಸುತ್ತದೆ. ಈ ತಡೆ ವೇಗಕ್ಕೆ ಸರಿಯಾಗಿ ಏರಿಳಿಯುವುದರಿಂದ ಎಸೆತದ ಕೊನೆಯವರೆಗೂ ಉಳಿದಿರುತ್ತದೆ. ಹೊರಗಿನ ಗುಂಡಿ ತಿರುಗಿಸಿ ಹೊಂದಿಸಬಹುದಾದ ಮ್ಯಾಗ್ನೆಟಿಕ್ ಬ್ರೇಕ್ ಕಲಿಯುವವರಿಗೆ ಹೆಚ್ಚು ಅನುಕೂಲ. ಸ್ಪೂಲಿನ ತಿರುಗುವಿಕೆಯಿಂದಲೇ ವಿದ್ಯುತ್ ಪಡೆದು, ಪುಟ್ಟ ಕಂಪ್ಯೂಟರ್ ಚಿಪ್ಪಿನಿಂದ ಬ್ರೇಕನ್ನು ನಿಯಂತ್ರಿಸುವ ಜಪಾನಿನ ಶಿಮಾನೊ ಕಂಪನಿಯ ಡಿಸಿ ಮಾದರಿಗಳೂ ಇವೆ, ಬೆಲೆ ಹೆಚ್ಚು. ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ದಾರವನ್ನು ತಡೆತಡೆದು ಬಿಡುವ ಭಾಗ, ಎಷ್ಟು ಕಿಲೋ ತಡೆಯುತ್ತದೆ ಎಂಬ ಜಾಹೀರಾತಿಗೆ ಮರುಳಾಗಬೇಕಿಲ್ಲ. 1932ರಲ್ಲಿ ಜಾರ್ಜಿಯಾದಲ್ಲಿ ಸಿಕ್ಕ, 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಸರಿಗಟ್ಟಿದ ವಿಶ್ವದಾಖಲೆಯ ಲಾರ್ಜ್‌ಮೌತ್‌ನ ತೂಕವೇ 10 ಕಿಲೋ ಆಸುಪಾಸು.

ದಾರವೂ ಸ್ಪೂಲಿನ ತೂಕವೇ. 0.33 ಮಿ.ಮೀ. ದಪ್ಪದ ಫ್ಲೋರೊಕಾರ್ಬನ್ 100 ಮೀಟರ್ ಸುತ್ತಿದರೆ ಅದೊಂದೇ 15 ಗ್ರಾಂ ಆಗುತ್ತದೆ. ಅದರ ಸಾಂದ್ರತೆ ನೀರಿನ 1.78 ಪಟ್ಟು. ಆದ್ದರಿಂದ ಅಂಚಿನಿಂದ 3 ಮಿ.ಮೀ. ಕೆಳಗೇ ನಿಲ್ಲಿಸಿ. ಮುಳುಗುವ ಫ್ಲೋರೊಕಾರ್ಬನ್ ಕ್ರಾಂಕ್‌ಬೇಟಿಗೂ ಜಿಗ್ಗಿಗೂ ಸರಿ, ನೀರಿನ ಮೇಲಾಡುವ ಲ್ಯೂರಿಗೆ ಬೇಡ. ಕಲಿಯುವಾಗ 12ರಿಂದ 15 ಪೌಂಡ್ ಎಳೆತ ತಾಳುವ ನೈಲಾನ್ ಮೊನೊ (ಒಂಟಿ ಎಳೆಯ ದಾರ) ಸಾಕು: ಅಗ್ಗ, ಮೃದು, ಸಿಕ್ಕು ಬಿಡಿಸಲು ಸುಲಭ. ಬ್ರೇಡ್ (ಹಲವು ಎಳೆ ಹೆಣೆದ ದಾರ) ಹಾಕುವುದಾದರೆ 30 ಪೌಂಡಿಗಿಂತ ತೆಳುವಾದದ್ದು ಬೇಡ, ಎಳೆತ ಬಿದ್ದಾಗ ಅದು ಕೆಳಗಿನ ಸುತ್ತುಗಳೊಳಗೆ ಹೂತುಹೋಗುತ್ತದೆ. ನುಣುಪಾದ ಸ್ಪೂಲಿನ ಮೇಲೆ ಬ್ರೇಡ್ ಜಾರದಂತೆ ಮೊದಲು ಕೆಲವು ಮೀಟರ್ ನೈಲಾನ್ ಸುತ್ತಿ.

ನೀರಿಗೆ ಹೋಗುವ ಮೊದಲು ಹುಲ್ಲುಗಾವಲಿನಲ್ಲಿ ಅರ್ಧ ಔನ್ಸಿನ ಗಾಳವಿಲ್ಲದ ತೂಕ ಕಟ್ಟಿ ಹೊಂದಿಸಿಕೊಳ್ಳಿ. ಹಿಡಿಯ ಪಕ್ಕದ ಟೆನ್ಷನ್ ಗುಂಡಿಯನ್ನು ಬಿಗಿಮಾಡಿ, ಸ್ಪೂಲನ್ನು ಬಿಡಿಸುವ ಬೆರಳಗುಂಡಿ ಒತ್ತಿ, ತೂಕ ನಿಧಾನವಾಗಿ ಇಳಿಯುವಷ್ಟು ಸಡಿಲಿಸುತ್ತ ಬನ್ನಿ. ಅದು ನೆಲ ಮುಟ್ಟಿದೊಡನೆ ಸ್ಪೂಲ್ ನಿಲ್ಲಬೇಕು. ಬ್ರೇಕನ್ನು ಮುಕ್ಕಾಲು ಭಾಗಕ್ಕಿಟ್ಟು, ಕೈ ಕುದುರಿದಂತೆ ಒಂದೊಂದೇ ಅಂಕ ಇಳಿಸಿ. ಎಸೆತ ಮೆತ್ತಗಿರಲಿ, ಲ್ಯೂರು ನೀರು ಮುಟ್ಟುವ ಮುಂಚೆಯೇ ಹೆಬ್ಬೆರಳು ಸ್ಪೂಲನ್ನು ನಿಲ್ಲಿಸಿರಲಿ. ನೀರು ಲ್ಯೂರನ್ನು ಥಟ್ಟನೆ ನಿಲ್ಲಿಸುತ್ತದೆ, ಸ್ಪೂಲನ್ನಲ್ಲ. ಸಿಕ್ಕಾದರೆ ಉಗುರಿನಿಂದ ಕೀಳಬೇಡಿ. ಹೆಬ್ಬೆರಳಿನಿಂದ ಸ್ಪೂಲನ್ನು ಗಟ್ಟಿಯಾಗಿ ಒತ್ತಿ ಹಿಡಿಯನ್ನು ಒಂದೆರಡು ಸುತ್ತು ತಿರುಗಿಸಿ, ಆಮೇಲೆ ದಾರ ಎಳೆಯಿರಿ. ಹೆಚ್ಚಿನವು ಇಷ್ಟಕ್ಕೇ ಬಿಡುತ್ತವೆ. ಡ್ರ್ಯಾಗನ್ನು ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ದಾರದ ಬಲದ ಕಾಲು ಭಾಗಕ್ಕಿಡಿ, 15 ಪೌಂಡಿನ ದಾರಕ್ಕೆ ಸುಮಾರು 4 ಪೌಂಡ್.

ಟೆಕ್ಸಸ್ಸಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ಕನ್ನಡಿಗರು ರಾಜ್ಯದ ಮೀನುಗಾರಿಕೆ ಪರವಾನಗಿ ಪಡೆದೇ ನೀರಿಗಿಳಿಯಬೇಕು. ಎಷ್ಟು ಉದ್ದದ ಬಾಸನ್ನು ಇಟ್ಟುಕೊಳ್ಳಬಹುದು ಎಂಬುದು ಕೆರೆಯಿಂದ ಕೆರೆಗೆ ಬದಲಾಗುತ್ತದೆ. ಮನೆಗೆ ಬಂದ ಮೇಲೆ ಡ್ರ್ಯಾಗ್ ಸಡಿಲಿಸಿಡಿ. ಸ್ಪೂಲಿನ ಬೇರಿಂಗಿಗೆ ಆಗಾಗ ಒಂದೇ ಹನಿ ತೆಳು ಎಣ್ಣೆ ಸಾಕು. ಸೆಂಟ್ರಿಫ್ಯೂಗಲ್ ಬ್ರೇಕಿನ ಉಂಗುರಕ್ಕೆ ಮಾತ್ರ ಎಣ್ಣೆ ತಾಗಿಸಬೇಡಿ. ತಾಗಿದರೆ ಗುಂಡಿಗಳು ಉಜ್ಜುವ ಬದಲು ಜಾರಿ, ಮುಂದಿನ ಎಸೆತದಲ್ಲಿ ಬ್ರೇಕ್ ಹಿಡಿಯುವುದಿಲ್ಲ.