ಮೂಳೆಯಿಲ್ಲದ ಗೋಡೆ

ಅಂಗಾತ ಮಲಗಿ, ಹೊಕ್ಕುಳಿನ ಮೇಲೆ ಅಂಗೈಯಿಟ್ಟು, ತಲೆಯನ್ನಷ್ಟೇ ಮೆಲ್ಲಗೆ ಮೇಲೆತ್ತಿ ನೋಡಿ. ಅಷ್ಟು ಹೊತ್ತು ಮೆತ್ತಗಿದ್ದ ಹೊಟ್ಟೆ ಕೈಯಡಿಯಲ್ಲಿ ಹಲಗೆಯಂತೆ ಗಟ್ಟಿಯಾಗುತ್ತದೆ. ನಡುಗೆರೆಯ ಎರಡೂ ಬದಿಯಲ್ಲಿ ಉದ್ದನೆಯ ಎರಡು ದಿಂಡುಗಳು ಎದ್ದು ನಿಲ್ಲುತ್ತವೆ. ಈಗ ತಲೆಯನ್ನು ಇಳಿಸಿ, ಅಂಗೈಯನ್ನು ಪಕ್ಕಕ್ಕೆ ಸರಿಸಿ ಒಮ್ಮೆ ಕೆಮ್ಮಿ. ಹೊಟ್ಟೆಯ ಇಡೀ ಪಕ್ಕ ಒಂದೇ ಏಟಿಗೆ ಬಿಗಿದುಕೊಳ್ಳುತ್ತದೆ. ಪಕ್ಕೆಲುಬುಗಳಿಂದ ತೊಡೆಸಂದಿನವರೆಗೆ ಮುಂಭಾಗದಲ್ಲಿ ಒಂದೇ ಒಂದು ಮೂಳೆಯಿಲ್ಲ. ಆದರೂ ಕೆಮ್ಮಿನ ಒತ್ತಡಕ್ಕೆ ಕರುಳುಗಳು ಹೊರಕ್ಕೆ ನುಗ್ಗುವುದಿಲ್ಲ.

ಇಲ್ಲಿ ಮೂಳೆಯನ್ನು ಇಡುವಂತೆಯೂ ಇರಲಿಲ್ಲ. ಉಸಿರೆಳೆದಾಗ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ವಪೆ ಕೆಳಕ್ಕೆ ಜಾರಿ ಯಕೃತ್ತು, ಜಠರ, ಕರುಳುಗಳನ್ನು ತಳ್ಳುತ್ತದೆ. ಅವಕ್ಕೆ ಜಾಗ ಸಿಗಬೇಕಾದರೆ ಹೊಟ್ಟೆ ಉಬ್ಬಲೇಬೇಕು. ಊಟ ಮಾಡಿದಾಗ ಅದು ಹಿಗ್ಗಬೇಕು, ಬಸಿರಿನಲ್ಲಿ ತಿಂಗಳುಗಟ್ಟಲೆ ಬೆಳೆಯುತ್ತಲೇ ಹೋಗಬೇಕು. ಅದೇ ಗೋಡೆ ಕೆಮ್ಮು, ವಾಂತಿ, ಮಲವಿಸರ್ಜನೆ, ಹೆರಿಗೆಯಂಥ ಹೊತ್ತಿನಲ್ಲಿ ಬಿಗಿದು ಒಳಗೆ ಒತ್ತಡವನ್ನು ಹುಟ್ಟಿಸಬೇಕು. ಹಿಗ್ಗುವುದು, ಬಿಗಿಯುವುದು ಎರಡನ್ನೂ ಬಲ್ಲ ವಸ್ತುವೆಂದರೆ ಬಟ್ಟೆ. ನಮ್ಮ ಹೊಟ್ಟೆಯ ಮುಂಗೋಡೆ ಒಂದು ನೇಯ್ಗೆ. ಎಳೆಗಳು ಯಾವ ದಿಕ್ಕಿಗೆ ಹರಿಯುತ್ತವೆ ಎಂಬುದನ್ನು ಹಿಡಿದುಕೊಂಡರೆ ಅದರ ಬಹುಪಾಲು ರಚನೆ ಬಿಚ್ಚಿಕೊಳ್ಳುತ್ತದೆ.

ಚರ್ಮದ ಕೆಳಗೆ ಮೊದಲು ಸಿಗುವುದು ಕೊಬ್ಬು. ಹೊಕ್ಕುಳಿನಿಂದ ಕೆಳಗೆ ಈ ಪದರ ಎರಡಾಗಿ ತೋರುತ್ತದೆ: ಮೇಲೆ ಕೊಬ್ಬು ತುಂಬಿದ ಕ್ಯಾಂಪರ್ ಪದರ, ಅದರಡಿ ತೆಳುವಾದರೂ ಗಟ್ಟಿಯಾದ ಸ್ಕಾರ್ಪಾ ಪೊರೆ. 18ನೇ ಶತಮಾನದ ಅಂಗರಚನಾ ತಜ್ಞರಾದ ನೆದರ್ಲೆಂಡ್ಸ್‌ನ ಪೆಟ್ರಸ್ ಕ್ಯಾಂಪರ್ ಮತ್ತು ಇಟಲಿಯ ಆಂಟೋನಿಯೊ ಸ್ಕಾರ್ಪಾ ಅವರ ಹೆಸರುಗಳಿವು.

ನಿಜವಾದ ನೇಯ್ಗೆ ಇದರ ಕೆಳಗೆ ಆರಂಭವಾಗುತ್ತದೆ. ಎರಡೂ ಪಕ್ಕಗಳಲ್ಲಿ ಚಪ್ಪಟೆಯಾದ ಮೂರು ಸ್ನಾಯುಗಳು ಒಂದರ ಮೇಲೊಂದು ಹಾಸಿವೆ. ಎಲ್ಲಕ್ಕಿಂತ ಹೊರಗಿನದು ಬಾಹ್ಯ ಓರೆ ಸ್ನಾಯು. ಕೆಳಗಿನ 8 ಪಕ್ಕೆಲುಬುಗಳಿಂದ ಹೊರಟ ಅದರ ಎಳೆಗಳು ಓರೆಯಾಗಿ ಕೆಳಕ್ಕೂ ಮುಂದಕ್ಕೂ ಇಳಿಯುತ್ತವೆ. ಪ್ಯಾಂಟಿನ ಕಿಸೆಗೆ ಕೈ ಇಳಿಬಿಟ್ಟರೆ ಬೆರಳುಗಳು ತೋರುವ ದಿಕ್ಕೇ ಅದು. ಅದರಡಿಯ ಆಂತರಿಕ ಓರೆ ಸ್ನಾಯುವಿನ ಹೆಚ್ಚಿನ ಎಳೆಗಳು ಸೊಂಟದ ಮೂಳೆಯ ಅಂಚಿನಿಂದ ಮೇಲಕ್ಕೂ ಮುಂದಕ್ಕೂ ಏರಿ ಮೇಲಿನ ಪದರವನ್ನು ಅಡ್ಡಹಾಯುತ್ತವೆ. ಮೂರನೆಯದು ಅಡ್ಡ ಸ್ನಾಯು. ಇದರ ಎಳೆಗಳು ಸೊಂಟಪಟ್ಟಿಯಂತೆ ಅಡ್ಡಡ್ಡ ಸಾಗುತ್ತವೆ. ನಡುಭಾಗದಲ್ಲಿ ಎದೆಗೂಡಿನಿಂದ ಕಿಬ್ಬೊಟ್ಟೆಯ ಕೆಳತುದಿಯ ಮೂಳೆಯಾದ ಜಘನಾಸ್ಥಿಯವರೆಗೆ ನೇರ ಸ್ನಾಯುಗಳ ಜೋಡಿ ಲಂಬವಾಗಿ ನಿಂತಿದೆ. ತಲೆ ಎತ್ತಿದಾಗ ಕೈಗೆ ಸಿಕ್ಕ ದಿಂಡುಗಳು ಇವೇ.

ಹೀಗೆ ನಾಲ್ಕು ದಿಕ್ಕುಗಳು ಕೂಡಿದವು. ಒಂದೇ ದಿಕ್ಕಿನ ಎಳೆಗಳಿದ್ದರೆ ಒತ್ತಡ ಬಿದ್ದಾಗ ಅವುಗಳ ನಡುವೆ ಗೋಡೆ ಸೀಳಬಹುದಿತ್ತು. ಒಂದು ಪದರ ಸೀಳಬಹುದಾದ ಕಡೆ ಇನ್ನೊಂದು ಪದರದ ಎಳೆಗಳು ಅಡ್ಡ ನಿಲ್ಲುತ್ತವೆ. ಇನ್ನೊಂದು ಚೆಲುವು ನೋಡಿ: ಬಲಗಡೆಯ ಬಾಹ್ಯ ಓರೆ ಸ್ನಾಯುವಿನ ದಿಕ್ಕನ್ನು ನಡುಗೆರೆಯಾಚೆ ಮುಂದುವರಿಸಿದರೆ ಎಡಗಡೆಯ ಆಂತರಿಕ ಓರೆ ಸ್ನಾಯು ಸಿಗುತ್ತದೆ. ನೀವು ಎಡಕ್ಕೆ ಹೊರಳಿ ಹಿಂದೆ ನೋಡುವಾಗ ಇವೆರಡೂ ಒಂದೇ ಹಗ್ಗವೆಂಬಂತೆ ಎಳೆಯುತ್ತವೆ.

ಮೂರು ಚಪ್ಪಟೆ ಸ್ನಾಯುಗಳೂ ಮುಂದೆ ಬರುತ್ತಾ ಮಾಂಸವನ್ನು ಕಳೆದುಕೊಂಡು ಬಿಳಿಯ, ಹೊಳೆಯುವ, ಹಾಳೆಯಂಥ ಸ್ನಾಯುರಜ್ಜುಗಳಾಗುತ್ತವೆ. ನೇರ ಸ್ನಾಯುವಿಗೆ ಈ ಹಾಳೆಗಳೇ ಒರೆ. ಹೊಟ್ಟೆಯ ಮೇಲ್ಭಾಗದಲ್ಲಿ ಆಂತರಿಕ ಓರೆ ಸ್ನಾಯುವಿನ ಹಾಳೆ ಎರಡಾಗಿ ಸೀಳುತ್ತದೆ. ಒಂದು ಸೀಳು ಬಾಹ್ಯ ಹಾಳೆಯ ಜೊತೆ ಮುಂದಿನಿಂದ ಹಾಯುತ್ತದೆ, ಇನ್ನೊಂದು ಅಡ್ಡ ಸ್ನಾಯುವಿನ ಹಾಳೆಯ ಜೊತೆ ಹಿಂದಿನಿಂದ. ಎಡಬಲದ ಹಾಳೆಗಳೆಲ್ಲ ನಡುವಿನಲ್ಲಿ ಒಂದನ್ನೊಂದು ಹೆಣೆದುಕೊಂಡ ಜಾಗವೇ ಬಿಳಿಗೆರೆ, ಅಂದರೆ ಲೀನಿಯಾ ಆಲ್ಬಾ. ಆದರೆ ಹೊಕ್ಕುಳು ಮತ್ತು ಜಘನಾಸ್ಥಿಯ ನಡುವೆ, ಹೆಚ್ಚುಕಡಿಮೆ ಅರ್ಧದಾರಿಯಲ್ಲಿ, ಈ ಏರ್ಪಾಡು ಬದಲಾಗುತ್ತದೆ. ಅಲ್ಲಿಂದ ಕೆಳಗೆ ಎಲ್ಲ ಹಾಳೆಗಳೂ ನೇರ ಸ್ನಾಯುವಿನ ಮುಂದಕ್ಕೆ ಬಂದುಬಿಡುತ್ತವೆ. ಹಿಂದೆ ಉಳಿಯುವುದು ತೆಳುಪೊರೆ, ಒಂದಿಷ್ಟು ಕೊಬ್ಬು, ಮತ್ತು ಹೊಟ್ಟೆಯ ಒಳಮೈಯನ್ನು ಸವರಿದಂತಿರುವ ಪೆರಿಟೋನಿಯಂ ಮಾತ್ರ. ಒರೆಯ ಹಿಂಗೋಡೆ ಮುಗಿಯುವ ಈ ಅಂಚಿಗೆ ಕಮಾನುಗೆರೆ ಎನ್ನಬಹುದು. ಪುಸ್ತಕದಲ್ಲಿ ಇದೊಂದು ಸಣ್ಣ ವಿವರ, ಶರೀರದಲ್ಲಿ ಅಲ್ಲ. ರಕ್ತ ತೆಳುವಾಗಿಸುವ ಔಷಧ ಸೇವಿಸುವವರಲ್ಲಿ ಜೋರು ಕೆಮ್ಮಿನಿಂದ ಇಲ್ಲಿನ ರಕ್ತನಾಳ ಹರಿದರೆ, ಗೆರೆಯ ಮೇಲಿನ ಸ್ರಾವವನ್ನು ಒರೆ ಹಿಡಿದಿಡುತ್ತದೆ. ಕೆಳಗಿನದು ತಡೆಯಿಲ್ಲದೆ ಶ್ರೋಣಿಯತ್ತ ಹರಡಬಲ್ಲದು.

ನೇರ ಸ್ನಾಯುವನ್ನು ಸಾಮಾನ್ಯವಾಗಿ ಮೂರು ಕಡೆ ಅಡ್ಡ ರಜ್ಜುಪಟ್ಟಿಗಳು ಕಟ್ಟಿವೆ. ವ್ಯಾಯಾಮಪಟುಗಳ ಹೊಟ್ಟೆಯಲ್ಲಿ ಕಾಣುವ ಇಟ್ಟಿಗೆಗಳಂಥ ಉಬ್ಬುಗಳು ಈ ಪಟ್ಟಿಗಳ ನಡುವಿನ ಮಾಂಸ. ಕಸರತ್ತು ಅವನ್ನು ದಪ್ಪವಾಗಿಸುತ್ತದೆ, ಎಣಿಕೆಯನ್ನು ಹೆಚ್ಚಿಸಲಾರದು. ಎಷ್ಟು ಉಬ್ಬು, ಎಡಬಲ ಸಮವೋ ಅಲ್ಲವೋ ಎಂಬುದು ಹುಟ್ಟಿನಿಂದಲೇ ಬಂದದ್ದು. ಈ ಉಬ್ಬುಗಳಿಗೆ ಸಿಗುವ ಗಮನದಲ್ಲಿ ಅರ್ಧದಷ್ಟಾದರೂ ಕಣ್ಣಿಗೆ ಕಾಣದ ಅಡ್ಡ ಸ್ನಾಯುವಿಗೆ ಸಲ್ಲಬೇಕು ಎಂದು ನನಗನ್ನಿಸುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಬೆನ್ನುನೋವಿಲ್ಲದವರು ತೋಳನ್ನು ಥಟ್ಟನೆ ಎತ್ತಿದಾಗ, ತೋಳಿನ ಸ್ನಾಯುವಿಗಿಂತ ಮೊದಲೇ ಹೊಟ್ಟೆಯ ಅಡ್ಡ ಸ್ನಾಯು ಚುರುಕಾಗುವುದು ಕಂಡುಬಂತು. ಎತ್ತುವ ಕೈಗೂ ಮುಂಚೆ ಮುಂಡ ಸಿದ್ಧವಾಗುತ್ತದೆ.

ಈ ಅಡ್ಡ ಸ್ನಾಯುವಿಗೂ ಅದರ ಮೇಲಿನ ಪದರಕ್ಕೂ ನಡುವೆ ನರಗಳು ಹರಿಯುತ್ತವೆ. ಎದೆಭಾಗದ ಕೆಳಗಿನ 6 ನರಗಳು, ಸೊಂಟಭಾಗದ ಮೊದಲನೆಯದು. ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆ ತಜ್ಞರು ಅಲ್ಟ್ರಾಸೌಂಡ್ ಪರದೆಯಲ್ಲಿ ಇದೇ ಸಂದನ್ನು ಹುಡುಕಿ ಮದ್ದನ್ನು ಹರಿಸಿ, ಗೋಡೆಯ ನೋವನ್ನು ಗಂಟೆಗಟ್ಟಲೆ ತಗ್ಗಿಸುತ್ತಾರೆ.

ನೇಯ್ಗೆಯಲ್ಲಿ ಬೇಕೆಂದೇ ಬಿಟ್ಟ ಕಿಂಡಿಗಳೂ ಇವೆ. ಹೊಕ್ಕುಳು ಒಂದು. ಭ್ರೂಣದ ಸುಮಾರು 6ನೇ ವಾರದಲ್ಲಿ ಬೆಳೆಯುವ ಕರುಳಿಗೆ ಹೊಟ್ಟೆಯೊಳಗೆ ಎಡೆ ಸಾಲದೆ, ಅದು ಹೊಕ್ಕುಳುಬಳ್ಳಿಯೊಳಕ್ಕೆ ಹೊರಚಾಚಿ, 10ನೇ ವಾರದ ಹೊತ್ತಿಗೆ ಮರಳುತ್ತದೆ. ಇನ್ನೊಂದು ಕಿಂಡಿ ತೊಡೆಸಂದಿನ ಮೇಲಿದೆ. ಗಂಡುಶಿಶುವಿನ ವೃಷಣಗಳು ಹೊಟ್ಟೆಯಿಂದ ಕೆಳಗಿಳಿಯುವ ದಾರಿ ಅದು. ಸುಮಾರು 4 ಸೆಂಟಿಮೀಟರ್ ಉದ್ದದ ಈ ಕಾಲುವೆ ಗೋಡೆಯನ್ನು ಓರೆಯಾಗಿ ತೂರುವುದರಿಂದ ಒಳಬಾಯಿ ಮತ್ತು ಹೊರಬಾಯಿ ಎದುರುಬದುರಾಗಿಲ್ಲ. ಕೆಮ್ಮಿದಾಗ ಒತ್ತಡವೇ ಹಿಂಗೋಡೆಯನ್ನು ಮುಂಗೋಡೆಗೆ ಅದುಮುತ್ತದೆ, ಮೇಲಿನ ಸ್ನಾಯುಕಮಾನು ಕದದಂತೆ ಕೆಳಕ್ಕಿಳಿಯುತ್ತದೆ. ಇಷ್ಟಾದರೂ ಇದು ಗೋಡೆಯ ಬಲಹೀನ ಜಾಗ. ತೊಡೆಸಂದಿನ ಹರ್ನಿಯಾ, ಅಂದರೆ ಒಳಗಿನ ಕರುಳು ಮುಂತಾದವು ಗೋಡೆಯ ಬಲಹೀನ ಜಾಗದಿಂದ ಹೊರಚಾಚುವುದು, ಹೆಂಗಸರಿಗಿಂತ ಗಂಡಸರಲ್ಲಿ ಬಹಳ ಹೆಚ್ಚು ಕಾಣುವುದು ಇದೇ ಕಾರಣಕ್ಕೆ. ಸಡಿಲಾದ ಹಿಂಗೋಡೆಯನ್ನೇ ಪದರ ಪದರವಾಗಿ ಮತ್ತೆ ಕಟ್ಟುವ ವಿಧಾನವನ್ನು ಇಟಲಿಯ ಎಡ್ವಾರ್ಡೊ ಬಸಿನಿ 1880ರ ದಶಕದಲ್ಲಿ ರೂಪಿಸಿದ ಮೇಲೆಯೇ ಇದರ ಚಿಕಿತ್ಸೆಗೆ ಗಟ್ಟಿ ತಳಹದಿ ಸಿಕ್ಕಿತು.

ನೇಯ್ಗೆ ತಿಳಿದ ಶಸ್ತ್ರವೈದ್ಯರು ಅದನ್ನು ಕತ್ತರಿಸುವುದಕ್ಕಿಂತ ಬಿಡಿಸಲು ನೋಡುತ್ತಾರೆ. ತುರ್ತಿನಲ್ಲಿ ಬಿಳಿಗೆರೆಯ ಮೂಲಕ ನೇರವಾಗಿ ಒಳಹೋಗುವುದು ಬೇಗದ ದಾರಿ, ರಕ್ತವೂ ಕಡಿಮೆ. ಆದರೆ ಅಲ್ಲಿ ಎಲ್ಲ ಹಾಳೆಗಳನ್ನೂ ಒಟ್ಟಿಗೆ ಕೊಯ್ದಂತಾಗುವುದರಿಂದ ಮುಂದೆ ಹರ್ನಿಯಾದ ಭಯವಿರುತ್ತದೆ. ಹೊಲಿಯುವಾಗ ಗಾಯದ ಉದ್ದಕ್ಕಿಂತ ಕನಿಷ್ಠ 4 ಪಟ್ಟು ದಾರ ಬಳಸಬೇಕೆಂಬ ನಿಯಮ ಅದಕ್ಕಾಗಿಯೇ. ಅಪೆಂಡಿಕ್ಸಿಗೆ ನ್ಯೂಯಾರ್ಕಿನ ಚಾರ್ಲ್ಸ್ ಮೆಕ್‌ಬರ್ನಿ 1894ರಲ್ಲಿ ವಿವರಿಸಿದ ದಾರಿ ಬೇರೆ. ಸಣ್ಣ ತೂತಿನ ಮೂಲಕ ಹೊಟ್ಟೆಯೊಳಗೆ ನೋಡುವ ಲ್ಯಾಪರೋಸ್ಕೋಪ್ ಬಂದ ಮೇಲೆ ಅದರ ಬಳಕೆ ಕಡಿಮೆಯಾಗಿದೆ, ಆದರೂ ಅದರಷ್ಟು ನನ್ನನ್ನು ಮೆಚ್ಚಿಸಿದ ಛೇದ ಇನ್ನೊಂದಿಲ್ಲ. ಚರ್ಮವನ್ನು ಕೊಯ್ದ ಬಳಿಕ ಬಾಹ್ಯ ಪದರವನ್ನು ಅದರ ಎಳೆಗಳ ದಿಕ್ಕಿನಲ್ಲಿ ಸೀಳುತ್ತಾರೆ, ಒಳಗಿನ ಎರಡನ್ನು ಅವುಗಳ ದಿಕ್ಕಿನಲ್ಲಿ ಬೇರ್ಪಡಿಸುತ್ತಾರೆ. ಯಾವ ಸ್ನಾಯುವಿನ ಎಳೆಯೂ ಅಡ್ಡ ತುಂಡಾಗುವುದಿಲ್ಲ. ಕೆಲಸ ಮುಗಿದು, ಸೀಳನ್ನು ಅಗಲಿಸಿ ಹಿಡಿದ ಕೊಕ್ಕೆಗಳನ್ನು ತೆಗೆದೊಡನೆ, ಎಳೆಗಳು ತಾವಾಗಿಯೇ ಹತ್ತಿರ ಸರಿದು, ಒಂದು ಪದರದ ಸೀಳನ್ನು ಇನ್ನೊಂದು ಪದರ ಮುಚ್ಚಿಕೊಳ್ಳುತ್ತದೆ.