ಸಾಂಬಾರಿನ ತೊಟ್ಟೆಯಲ್ಲಿ ಏನೇನಿದೆ ಅಂತ ಹೇಳುವವರು ಯಾರು?

ಪ್ಲಾಸ್ಟಿಕ್ಕಿನಿಂದ ಕಾಯಿಲೆ ಬರುತ್ತದಾ ಅಂತ ಮುಂಬೈಯಲ್ಲಿ ನಮ್ಮವರು ಆಗಾಗ ಕೇಳುತ್ತಾರೆ. ಕೇಳಲೇಬೇಕು. ಮಾಟುಂಗ, ಚೆಂಬೂರು, ಡೊಂಬಿವಿಲಿ, ಎಲ್ಲೇ ಇಡ್ಲಿ ಪಾರ್ಸೆಲ್ ಹೇಳಿದರೂ ಬಿಸಿಬಿಸಿ ಸಾಂಬಾರು ಬರುವುದು ಪ್ಲಾಸ್ಟಿಕ್ ತೊಟ್ಟೆಯಲ್ಲಿ, ಇಲ್ಲವೇ ತೆಳ್ಳಗಿನ ಡಬ್ಬಿಯಲ್ಲಿ. ಆದರೆ ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇಲ್ಲ. ಪ್ಲಾಸ್ಟಿಕ್ಕುಗಳಲ್ಲಿ ಹತ್ತಾರು ಜಾತಿ, ಒಂದೊಂದರ ಒಳಗೂ ಬೇರೆ ಬೇರೆ ಸಾಮಾನು.

ಪ್ಲಾಸ್ಟಿಕ್ಕಿನ ಮೂಲ ಪಾಲಿಮರ್. ಸಣ್ಣ ಅಣುಗಳು ಸಾಲಾಗಿ ಸೇರಿ ಆದ ಉದ್ದನೆಯ ಸರಪಳಿ. ಸರಪಳಿ ತುಂಬಾ ದೊಡ್ಡದು, ಹಾಗಾಗಿ ಅದು ಸುಲಭವಾಗಿ ಊಟಕ್ಕೆ ಇಳಿಯುವುದಿಲ್ಲ. ಚಿಂತೆ ಇರುವುದು ಸರಪಳಿಗಳ ನಡುವೆ ಬೆರೆಸಿದ ಚಿಕ್ಕ ಅಣುಗಳ ಬಗ್ಗೆ. ಬಿಸಿಲಿಗೆ ಹಾಳಾಗದಿರಲಿ ಅಂತ ಒಂದು, ಬೆಂಕಿ ಹಿಡಿಯದಿರಲಿ ಅಂತ ಇನ್ನೊಂದು, ಮೆತ್ತಗಿರಲಿ ಅಂತ ಮತ್ತೊಂದು, ಬಣ್ಣಕ್ಕೆ ಬೇರೆ. ಇವುಗಳಲ್ಲಿ ಹೆಚ್ಚಿನವು ಸರಪಳಿಗೆ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ, ಸುಮ್ನೆ ನಡುವೆ ಕೂತಿರುತ್ತವೆ. ಬಿಸಿ ಜಾಸ್ತಿ ಆದರೆ ಬೇಗ ಹೊರಗೆ ಬರುತ್ತವೆ, ಎಣ್ಣೆ ಸಿಕ್ಕರೆ ಇನ್ನೂ ಬೇಗ, ಕೆಲವಕ್ಕೆ ಹುಳಿಯೂ ಸಾಕು. ಸಾಂಬಾರಿನಲ್ಲಿ ಬಿಸಿ, ಹುಣಸೆಹುಳಿ, ಒಗ್ಗರಣೆಯ ಎಣ್ಣೆ ಮೂರೂ ಇವೆ ಅಲ್ವಾ.

ಇಂಥ ರಾಸಾಯನಿಕಗಳು ಒಟ್ಟು ಎಷ್ಟು? 2024ರ ಮಾರ್ಚ್‌ನಲ್ಲಿ ಯುರೋಪಿನ ವಿಜ್ಞಾನಿಗಳು ಪ್ಲಾಸ್ಟ್‌ಕೆಮ್ ಎಂಬ ವರದಿ ಹೊರತಂದರು. ಪ್ಲಾಸ್ಟಿಕ್ಕಿನಲ್ಲಿ ಬಳಸುವ ಅಥವಾ ಪ್ಲಾಸ್ಟಿಕ್ಕಿನಲ್ಲಿ ಕಂಡುಬಂದಿರುವ ರಾಸಾಯನಿಕಗಳು 16,000ಕ್ಕೂ ಹೆಚ್ಚು ಅಂತ ಅದು ಹೇಳಿತು. ಅವುಗಳಲ್ಲಿ 4,200ಕ್ಕೂ ಹೆಚ್ಚು ಆರೋಗ್ಯಕ್ಕೋ ಪರಿಸರಕ್ಕೋ ಕೆಡುಕು ಮಾಡುವ ಗುಣದವು. ಇನ್ನು 10,000ಕ್ಕೂ ಹೆಚ್ಚು ರಾಸಾಯನಿಕಗಳ ಬಗ್ಗೆ ಅಪಾಯ ಇದೆಯೋ ಇಲ್ಲವೋ ಎಂದು ಹೇಳುವ ಮಾಹಿತಿಯೇ ಇಲ್ಲ. ನನ್ನನ್ನು ಜಾಸ್ತಿ ಕಾಡುವುದು ಈ ಕೊನೆಯ ಸಂಖ್ಯೆ. ಕೆಟ್ಟದ್ದು ಅಂತ ಗೊತ್ತಾದರೆ ನಿಲ್ಲಿಸಬಹುದು. ಏನೂ ಗೊತ್ತಿಲ್ಲದೆ ಮಾರುವುದು ಮಾತ್ರ ನಡೆದೇ ಇದೆ.

ವಾಟ್ಸಾಪಿನಲ್ಲಿ ಓಡಾಡುವ ಒಂದು ಮಾತನ್ನು ಇಲ್ಲೇ ಬಿಡಿಸಿಬಿಡೋಣ. ತೊಟ್ಟೆಯಲ್ಲಿ ಬಿಪಿಎ ಇದೆ, ಥ್ಯಾಲೇಟ್ ಇದೆ ಅಂತ ಹೇಳುತ್ತಾರೆ. ಬಿಪಿಎ ಅಂದರೆ ಬಿಸ್ಫಿನಾಲ್ ಎ, ಕೆಲವು ಗಟ್ಟಿ ಪ್ಲಾಸ್ಟಿಕ್ ಮಾಡಲು ಬಳಸುವ ರಾಸಾಯನಿಕ. ಥ್ಯಾಲೇಟ್ ಅಂದರೆ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುವ ವಸ್ತು. ತೊಟ್ಟೆಗೆ ಬಳಸುವುದು ಪಾಲಿಥೀನ್. ಅದನ್ನು ಮಾಡಲು ಬಿಪಿಎ ಬೇಡ, ಮೆತ್ತಗಾಗಿಸಲು ಥ್ಯಾಲೇಟೂ ಬೇಡ. ಬಿಪಿಎ ಇರುವುದು ಗಟ್ಟಿ, ಪಾರದರ್ಶಕ ಪಾಲಿಕಾರ್ಬೊನೇಟಿನಲ್ಲಿ ಮತ್ತು ತಗಡಿನ ಡಬ್ಬಿಗಳ ಒಳಮೈಗೆ ಬಳಿಯುವ ಎಪಾಕ್ಸಿ ಲೇಪದಲ್ಲಿ. ಥ್ಯಾಲೇಟ್ ಜಾಸ್ತಿ ಇರುವುದು ಮೆತ್ತಗಿನ ಪಿವಿಸಿಯಲ್ಲಿ. ಹಾಗಂತ ತೊಟ್ಟೆ ನಿರಪಾಯ ಎಂದು ನಾನು ಹೇಳುತ್ತಿಲ್ಲ. ಅದರ ಬಣ್ಣ ಯಾವುದು, ಮೇಲಿನ ಶಾಯಿ ಯಾವುದು, ಹಳೆ ಪ್ಲಾಸ್ಟಿಕ್ ಕರಗಿಸಿ ಮಾಡಿದ್ದೋ ಹೊಸದೋ, ಇದನ್ನು ಕೊಳ್ಳುವ ಹೋಟೆಲಿನವರಿಗೂ ಯಾರೂ ಹೇಳುವುದಿಲ್ಲ.

ನಮ್ಮಲ್ಲಿ ಪರೀಕ್ಷೆ ಇಲ್ಲವೇ? ಇದೆ. ಆಹಾರ ತುಂಬುವ ಪ್ಲಾಸ್ಟಿಕ್ಕಿನಿಂದ ಒಂದು ಕಿಲೋ ಆಹಾರಕ್ಕೆ 60 ಮಿಲಿಗ್ರಾಂಗಿಂತ ಹೆಚ್ಚು ವಸ್ತು ಇಳಿಯಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಯ 2018ರ ಪ್ಯಾಕೇಜಿಂಗ್ ನಿಯಮ ಹೇಳುತ್ತದೆ. ಪರೀಕ್ಷೆಯಲ್ಲಿ ನಿಜವಾದ ಊಟ ಬಳಸುವುದಿಲ್ಲ. ನೀರು, ನೂರಕ್ಕೆ 3ರಷ್ಟು ಅಸಿಟಿಕ್ ಆಮ್ಲ, ಆಲ್ಕೋಹಾಲ್ ಬೆರೆಸಿದ ನೀರು, ಎಣ್ಣೆಯ ಬದಲಿಗೆ ಹೆಪ್ಟೇನ್, ಇಂಥ ದ್ರವಗಳಲ್ಲಿ ಪ್ಲಾಸ್ಟಿಕ್ಕನ್ನು ಗೊತ್ತಾದ ಬಿಸಿಯಲ್ಲಿ, ಗೊತ್ತಾದ ಹೊತ್ತು ಇಡುತ್ತಾರೆ. ಆಮೇಲೆ ದ್ರವವನ್ನು ಆವಿ ಮಾಡಿ, ತಳದಲ್ಲಿ ಉಳಿದದ್ದನ್ನು ತೂಗುತ್ತಾರೆ. ಒಳ್ಳೆಯ ಪರೀಕ್ಷೆಯೇ, ಆದರೆ ಎಷ್ಟು ಇಳಿಯಿತು ಅಂತ ಮಾತ್ರ ಹೇಳುತ್ತದೆ. ಏನು ಇಳಿಯಿತು ಅಂತ ಹೇಳುವುದಿಲ್ಲ. ಸೀಸ, ಥ್ಯಾಲೇಟ್ ಥರದ ಕೆಲವು ವಸ್ತುಗಳಿಗೆ ಬೇರೆ ಮಿತಿಗಳಿವೆ ನಿಜ, ಆದರೆ ಅದಕ್ಕೆ ಮೊದಲು ಆ ವಸ್ತುವಿನ ಹೆಸರು ಗೊತ್ತಿರಬೇಕು.

ಹೆಸರು ಹುಡುಕುವುದು ಎಷ್ಟು ಕಷ್ಟ ಅನ್ನುವುದಕ್ಕೆ ಜರ್ಮನಿಯ ಒಂದು ಕೆಲಸ ನೋಡಿ. ಫ್ರಾಂಕ್‌ಫರ್ಟ್ ವಿಶ್ವವಿದ್ಯಾಲಯದ ಸಂಶೋಧಕರು ದಿನಬಳಕೆಯ 34 ಪ್ಲಾಸ್ಟಿಕ್ ಸಾಮಾನುಗಳನ್ನು ತಂದು, ಒಳಗಿದ್ದದ್ದನ್ನು ದ್ರಾವಕದಿಂದ ಹೊರತೆಗೆದು, ಜೀವಕೋಶಗಳ ಮೇಲೆ ಹಾಕಿ ನೋಡಿದರು. 2019ರಲ್ಲಿ ಫಲಿತಾಂಶ ಬಂತು. ಸುಮಾರು ಮುಕ್ಕಾಲು ಪಾಲು ಸಾಮಾನುಗಳು ಒಂದಲ್ಲ ಒಂದು ಬಗೆಯಲ್ಲಿ ವಿಷದ ಲಕ್ಷಣ ತೋರಿಸಿದವು. ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದಲ್ಲಿ 1,400ಕ್ಕೂ ಹೆಚ್ಚು ವಸ್ತುಗಳ ಗುರುತು ಸಿಕ್ಕಿತು, ಹೆಸರು ಹಚ್ಚಲಾದದ್ದು ಸುಮಾರು 260ಕ್ಕೆ. ಅವುಗಳಲ್ಲಿ ಎಷ್ಟೋ ವಸ್ತುಗಳನ್ನು ಯಾರೂ ಬೇಕೆಂದು ಹಾಕಿದ್ದೇ ಅಲ್ಲ, ತಯಾರಿಸುವಾಗ ಬಿಸಿಗೆ ಒಡೆದು ಹುಟ್ಟಿಕೊಂಡವು, ಕಚ್ಚಾ ವಸ್ತುವಿನ ಜೊತೆ ಬಂದವು. ಪಿವಿಸಿ, ಪಾಲಿಯುರೆಥೇನ್ ಕೆಟ್ಟ ಫಲಿತಾಂಶ ಕೊಟ್ಟವು. ನೀರಿನ ಬಾಟಲಿಯ ಪೆಟ್, ಹಾಲಿನ ಕ್ಯಾನಿನಂಥ ಎಚ್‌ಡಿಪಿಇ ಸಾಕಷ್ಟು ಶುಭ್ರವಾಗಿದ್ದವು. ಜೋಳದಂಥ ಬೆಳೆಯಿಂದ ಮಾಡುವ, ಪರಿಸರಕ್ಕೆ ಒಳ್ಳೆಯದು ಅಂತ ಮಾರುವ ಪಿಎಲ್‌ಎ ಮಾತ್ರ ಪಿವಿಸಿಗೆ ಹತ್ತಿರದ ವಿಷ ತೋರಿಸಿತು. ಬಯೋ ಅಂತ ಬರೆದಿದ್ದರೆ ಕಣ್ಣು ಮುಚ್ಚಿ ನಂಬಬೇಡಿ.

ದ್ರಾವಕದಿಂದ ಎಳೆದು ತೆಗೆದದ್ದಷ್ಟೂ ನಮ್ಮ ಹೊಟ್ಟೆಗೆ ಬರುವುದಿಲ್ಲ, ಅದನ್ನೂ ಹೇಳಬೇಕು. ಇದು ಒಳಗೆ ಏನಿದೆ ಎಂದು ನೋಡುವ ಪ್ರಯೋಗ. ಎಷ್ಟು ಬರುತ್ತದೆ, ಬಂದದ್ದು ಏನು ಮಾಡುತ್ತದೆ, ಅವು ಬೇರೆಯೇ ಪ್ರಶ್ನೆಗಳು.

ಏನು ಮಾಡುತ್ತದೆ ಅನ್ನುವುದಕ್ಕೆ ಬಿಪಿಎಯ ಕಥೆ ಸಾಕು. 1891ರಲ್ಲಿ ರಷ್ಯಾದ ದಿಯಾನಿನ್ ಎಂಬ ರಸಾಯನಶಾಸ್ತ್ರಜ್ಞ ಇದನ್ನು ತಯಾರಿಸಿದರು. 1936ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡಾಡ್ಸ್ ಇದು ಹೆಣ್ಣು ಹಾರ್ಮೋನ್ ಈಸ್ಟ್ರೋಜನ್‌ನ ಹಾಗೆ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಅಂದರೆ ಬಿಪಿಎಯಿಂದ ಬಾಟಲಿ ಮಾಡುವ ಎಷ್ಟೋ ವರ್ಷ ಮೊದಲೇ ಅದಕ್ಕೆ ಹಾರ್ಮೋನಿನ ಗುಣ ಇದೆ ಎಂದು ಬರೆದಿಟ್ಟಾಗಿತ್ತು! 1998ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಪೆಟ್ರೀಶಿಯಾ ಹಂಟ್ ಅವರ ಪ್ರಯೋಗಾಲಯದಲ್ಲಿ ಇಲಿಗಳ ಅಂಡಾಣುಗಳಲ್ಲಿ ಇದ್ದಕ್ಕಿದ್ದಂತೆ ವರ್ಣತಂತುಗಳ ದೋಷ ಕಾಣಿಸಿಕೊಂಡಿತು. ನೂರಕ್ಕೆ ಒಂದೆರಡು ಇರಬೇಕಾದದ್ದು 40ಕ್ಕೆ ಏರಿತ್ತು, ಅದೂ ಯಾವ ಔಷಧವನ್ನೂ ಕೊಡದ ಇಲಿಗಳಲ್ಲಿ. ಕಾರಣ ಹುಡುಕಿದಾಗ, ಪಾಲಿಕಾರ್ಬೊನೇಟ್ ಪಂಜರಗಳನ್ನೂ ನೀರಿನ ಬಾಟಲಿಗಳನ್ನೂ ಯಾರೋ ತೀಕ್ಷ್ಣವಾದ ಬೇರೆ ಮಾರ್ಜಕದಲ್ಲಿ ತೊಳೆದಿದ್ದರು. ಪ್ಲಾಸ್ಟಿಕ್ ಸವೆದು ಬಿಪಿಎ ಹೊರಬಂದಿತ್ತು.

ನಮ್ಮ ಪರೇಲ್‌ನಲ್ಲೂ ಇದರ ಕೆಲಸ ನಡೆದಿದೆ. ಅಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯದ ಸಂಶೋಧನಾ ಸಂಸ್ಥೆ ಇದೆ. ಆಗಷ್ಟೇ ಹುಟ್ಟಿದ ಗಂಡು ಇಲಿಗಳಿಗೆ ಬಿಪಿಎ ಕೊಟ್ಟರೆ, ದೊಡ್ಡವಾದ ಮೇಲೆ ಅವುಗಳ ಸಂತಾನಶಕ್ತಿ ಕುಗ್ಗುತ್ತದೆ ಅಂತ ಅಲ್ಲಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದರು. ಬಿಪಿಎ ಕೊಟ್ಟದ್ದು ಶೈಶವದಲ್ಲಿ, ಹಾನಿ ಕಂಡದ್ದು ಯೌವನದಲ್ಲಿ. ಹಾರ್ಮೋನ್ ಕೆಡಿಸುವ ವಸ್ತುಗಳ ವಿಷಯದಲ್ಲಿ ಎಷ್ಟು ಸೇರಿತು ಅನ್ನುವಷ್ಟೇ ಯಾವ ವಯಸ್ಸಿನಲ್ಲಿ ಸೇರಿತು ಅನ್ನುವುದೂ ಮುಖ್ಯ. ಬಸುರಿಯರು, ಹಸುಗೂಸುಗಳ ಬಗ್ಗೆ ಜಾಸ್ತಿ ಎಚ್ಚರ ಹೇಳುವುದು ಅದಕ್ಕೇ.

2023ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಬಿಪಿಎಯ ದಿನದ ಮಿತಿಯನ್ನು ಹಿಂದಿನದರ 20,000ದ ಒಂದು ಪಾಲಿಗೆ ಇಳಿಸಿತು. ಮರುವರ್ಷ ಡಿಸೆಂಬರಿನಲ್ಲಿ ಯುರೋಪ್ ಒಕ್ಕೂಟ ಆಹಾರಕ್ಕೆ ತಾಗುವ ಸಾಮಾನುಗಳಲ್ಲಿ ಅದನ್ನು ನಿಷೇಧಿಸಿತು. ಡಾಡ್ಸ್ ಹೇಳಿದ್ದು 1936ರಲ್ಲಿ, ನಿಷೇಧ 2024ರಲ್ಲಿ. ಈ ನಡುವೆ ಎಷ್ಟೋ ಕಂಪನಿಗಳು ಬಿಪಿಎ ತೆಗೆದು ಬಿಪಿಎಸ್ ಹಾಕಿದವು, ಬಿಪಿಎ ಇಲ್ಲ ಅಂತ ಚೀಟಿ ಅಂಟಿಸಿದವು. ಬಿಪಿಎಸ್ ಅದರದ್ದೇ ದಾಯಾದಿ. ಅದೂ ಹಾರ್ಮೋನಿನ ಹಾಗೇ ವರ್ತಿಸುತ್ತದೆ ಅಂತ ಆಮೇಲೆ ಗೊತ್ತಾಯಿತು. ಮೊದಲು ಮಾರಾಟ, ಆಮೇಲೆ ಪರೀಕ್ಷೆ, ಅದೂ ಸರ್ಕಾರದ ದುಡ್ಡಿನಲ್ಲಿ. ಇದು ಉಲ್ಟಾ. ಏನು ಬೆರೆಸಿದ್ದೇವೆ ಅಂತ ತಯಾರಕರಿಗೆ ಗೊತ್ತು. ಅದನ್ನೇ ಕಂಡುಹಿಡಿಯಲು ವಿಜ್ಞಾನಿಗಳು ವರ್ಷಗಟ್ಟಲೆ ದುಡಿಯಬೇಕೇ?

ಸುದ್ದಿ ಓದುವಾಗ ಸಂಶೋಧನೆಯನ್ನೂ ಪರೀಕ್ಷಿಸಬೇಕು. 2024ರ ಅಕ್ಟೋಬರಿನಲ್ಲಿ ಅಮೆರಿಕದಿಂದ ಒಂದು ಪ್ರಬಂಧ ಬಂತು, ಕಪ್ಪು ಪ್ಲಾಸ್ಟಿಕ್ ಸೌಟುಗಳಲ್ಲಿ ಬೆಂಕಿ ತಡೆಯುವ ಬ್ರೋಮಿನ್ ರಾಸಾಯನಿಕ ಇದೆ ಅಂತ. ದಿನಕ್ಕೆ 34,700 ನ್ಯಾನೋಗ್ರಾಂ ಮೈ ಸೇರಬಹುದು, ಮಿತಿ 42,000, ಹಾಗಾಗಿ ಅಪಾಯದ ಹತ್ತಿರ ಇದ್ದೇವೆ ಎಂದಿತ್ತು. ಆದರೆ 60 ಕಿಲೋ ತೂಕದವರಿಗೆ ಕಿಲೋಗೆ 7,000 ಅಂದರೆ ಗುಣಾಕಾರ 4,20,000. ಒಂದು ಸೊನ್ನೆ ಬಿಟ್ಟುಹೋಗಿತ್ತು. ಡಿಸೆಂಬರಿನಲ್ಲಿ ತಿದ್ದುಪಡಿ ಬಂತು. ಭಯ ಹತ್ತು ಪಟ್ಟು ಕಡಿಮೆಯಾಯಿತು, ಆದರೆ ಟಿವಿಯ ಹಿಂಬದಿಗೆ ಹಾಕುವ ವಸ್ತು ಅಡುಗೆಮನೆಗೆ ಹೇಗೆ ಬಂತು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಅದು ಬರುವುದು ಮರುಬಳಕೆಯ ದಾರಿಯಲ್ಲಿ. ಹಳೆ ಟಿವಿ, ಕಂಪ್ಯೂಟರ್, ಪ್ರಿಂಟರಿನ ಕಪ್ಪು ಪ್ಲಾಸ್ಟಿಕ್ ಗುಜರಿಗೆ ಹೋಗಿ, ಪುಡಿಯಾಗಿ, ಕರಗಿ, ಮತ್ತೆ ಸಾಮಾನಾಗುತ್ತದೆ. ಕಪ್ಪು ಬಣ್ಣ ಎಲ್ಲವನ್ನೂ ಮುಚ್ಚುತ್ತದೆ. ಅದಕ್ಕೇ ನನ್ನ ಮಾತು ಕೇಳುವವರಿಗೆ ನಾನು ಹೇಳುವುದಿಷ್ಟು: ಬಿಸಿ ಎಣ್ಣೆಗೆ ಕಪ್ಪು ಪ್ಲಾಸ್ಟಿಕ್ ಸೌಟು ಹಾಕಬೇಡಿ, ಮೈಕ್ರೋವೇವ್‌ನಲ್ಲಿ ಗಾಜು ಇಡಿ, ಪಾರ್ಸೆಲ್ ಡಬ್ಬಿಯನ್ನು ತೊಳೆದು ತಿಂಗಳುಗಟ್ಟಲೆ ಬಳಸಬೇಡಿ. ಗಾಬರಿ ಬೇಡ, ಅಭ್ಯಾಸ ಬದಲಾದರೆ ಸಾಕು.

ಆದರೆ ಅಭ್ಯಾಸ ಬದಲಿಸುವ ಅವಕಾಶವೇ ಇಲ್ಲದವರು ಧಾರಾವಿಯಲ್ಲಿ ಹಳೆ ಪ್ಲಾಸ್ಟಿಕ್ ಕರಗಿಸುವ ತೇರಾ ಕಂಪೌಂಡಿನಲ್ಲಿದ್ದಾರೆ. ಕರ್ನಾಟಕದಿಂದ ದುಡಿಯಲು ಬಂದವರೂ ಧಾರಾವಿಯಲ್ಲಿ ಇದ್ದಾರೆ. ಅಲ್ಲಿ ಪ್ಲಾಸ್ಟಿಕ್ಕನ್ನು ಕೈಯಲ್ಲಿ ಬೇರೆ ಮಾಡುತ್ತಾರೆ, ಯಾವ ಜಾತಿ ಅಂತ ಗೊತ್ತಾಗದಿದ್ದರೆ ಚೂರು ಸುಟ್ಟು ವಾಸನೆ ನೋಡುತ್ತಾರೆ, ಪುಡಿ ಮಾಡಿ ತೊಳೆದು ಒಣಗಿಸಿ, ಸಣ್ಣ ಕೋಣೆಯಲ್ಲಿ ಕರಗಿಸಿ ದಾನಾ, ಅಂದರೆ ಪ್ಲಾಸ್ಟಿಕ್ಕಿನ ಸಣ್ಣ ಕಾಳು, ಮಾಡುತ್ತಾರೆ. ನಗರಕ್ಕೆ ಅವರು ಮಾಡುವ ಉಪಕಾರ ದೊಡ್ಡದು. ಆ ಹೊಗೆಯಲ್ಲಿ ಏನಿದೆ ಎನ್ನುವುದು ನಮ್ಮ ತೊಟ್ಟೆಯ ಪ್ರಶ್ನೆಗಿಂತ ಎಷ್ಟೋ ತುರ್ತಿನದು. ಪಿವಿಸಿ ಬಿಸಿಯಾದರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ, ಅರೆಬರೆ ಸುಟ್ಟರೆ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ.

2025ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಜಗತ್ತಿನ ದೇಶಗಳ ಪ್ಲಾಸ್ಟಿಕ್ ಒಪ್ಪಂದದ ಮಾತುಕತೆ ಮುರಿದುಬಿತ್ತು. ಜಗಳದ ವಿಷಯಗಳಲ್ಲಿ ಅಪಾಯದ ರಾಸಾಯನಿಕಗಳನ್ನು ಹತೋಟಿಗೆ ತರುವುದೂ ಒಂದು. ಒಪ್ಪಂದ ಆಗುವವರೆಗೆ ಮುಂಬೈ ಕಾಯಬೇಕಾಗಿಲ್ಲ. ಮಾಟುಂಗದಲ್ಲಿ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಇದೆ, ಪರೇಲ್‌ನಲ್ಲಿ ಆ ಸಂಶೋಧನಾ ಸಂಸ್ಥೆ ಇದೆ, ಧಾರಾವಿ ಎರಡಕ್ಕೂ ದೂರವಲ್ಲ. ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ದಾನಾದಲ್ಲಿ ಬ್ರೋಮಿನ್, ಸೀಸ ಇದ್ದರೆ ಸ್ವಲ್ಪ ಹೊತ್ತಿನಲ್ಲೇ ತೋರಿಸುತ್ತದೆ. ಥ್ಯಾಲೇಟ್, ಬಿಪಿಎ ಹೆಚ್ಚಿನ ಪಾಲು ಒಂದೆರಡು ದಿನದಲ್ಲಿ ಮೂತ್ರದ ಮೂಲಕ ಹೊರಹೋಗುವುದರಿಂದ, ಪಾಳಿ ಮುಗಿದ ಮೇಲೆ ಮೂತ್ರ ಪರೀಕ್ಷೆ ಮಾಡಿದರೆ ಆ ದಿನ ಮೈಗೆ ಎಷ್ಟು ಸೇರಿತು ಅಂತ ಅಂದಾಜು ಸಿಗುತ್ತದೆ. ಕೆಲಸಗಾರರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ ಮಾಡಬೇಕು. ಫಲಿತಾಂಶ ಬಂದ ಮೇಲೆ ಅದನ್ನು ಪತ್ರಿಕೆಗೆ ಕಳಿಸುವ ಮೊದಲು ಅವರ ಕೈಗೇ ಕೊಡಬೇಕು, ಅವರಿಗೆ ಬರುವ ಭಾಷೆಯಲ್ಲಿ. ತಮಿಳಿರಲಿ, ಹಿಂದಿಯಿರಲಿ, ಮರಾಠಿಯಿರಲಿ, ಕನ್ನಡವಿರಲಿ.